ತನಿ ಶುರುವಾದಾಗ ಎದ್ದ ಜನ

"ಕೂತ್ಕೊಳ್ರೀ! ತನಿ ಶುರುವಾಗಿದೆ!" ಎಂದು ಕನ್ನಡದಲ್ಲೇ ಕೂಗಿ ನಮ್ಮ ಮಾವ ಕೈ ಅಡ್ಡ ಹಿಡಿದೇಬಿಟ್ಟರು. ವಿದೇಶದಲ್ಲಿ ನಾವಿರುವ ಕಾರ್ಮೆಲ್ ವ್ಯಾಲಿಯ ಪಾರ್ಕಿನಲ್ಲಿ ಲ್ಯಾಟಿನ್ ಜಾಝ್‌ಗೆ ಕೆರಿಬಿಯನ್ ತಾಳ ಬೆರೆಸುವ ತಂಡದ ಕಚೇರಿ ನಡೆದಿತ್ತು. ಕಾಂಗಾ ಡ್ರಮ್ಮಿನವನು ಒಬ್ಬನೇ ನುಡಿಸತೊಡಗಿದ್ದೇ ತಡ, ಜನರೆಲ್ಲ ಎದ್ದಿದ್ದರು. ಮಾವ ನಲವತ್ತು ವರ್ಷ ಮೃದಂಗ ನುಡಿಸಿದವರು. ಮೃದಂಗವೊಂದೇ ನುಡಿಯುವ ಆ ತನಿ ಹೊತ್ತಿನಲ್ಲಿ ಸಭಿಕರು ಕಾಫಿಗೆ ಎದ್ದುಹೋಗುವುದನ್ನೇ ಕಂಡವರು.

ಇಲ್ಲಿನವರು ಅವರ ಕೈಕೆಳಗೆ ನುಸುಳಿ, ವೇದಿಕೆಯ ಮುಂದೆ ಹೋಗಿ ಕುಣಿಯತೊಡಗಿದರು. ಮಾವ ಪೆಚ್ಚಾದರು. "ಏನಮ್ಮಾ ಇದು, ತನಿ ಟೈಮಲ್ಲಿ ಜನ ಹತ್ರ ಬರ್ತಾರಾ?" ಎಂದು ನನ್ನನ್ನು ಕೇಳಿದರು.

ಮರುದಿನ ಮನೆಯಲ್ಲಿ ಅವರು ಮೃದಂಗ ನುಡಿಸುತ್ತಿದ್ದಾಗ ನಾನು ಕಾಫಿ ಮಾಡಲು ಎದ್ದೆ. ಅವರು ನೋಡಿದ ನೋಟಕ್ಕೆ, ಸೊಂಟ ಕುಣಿಸುತ್ತಲೇ ಅಡುಗೆಮನೆ ಸೇರಿದೆ.