ನನ್ನ ಹೆಸರಿನ ಬುತ್ತಿ

ನನ್ನ ಗಂಡನಿಗೆ ಮಾತಿಗೆ ಬರ. ಗೋಕಾಕ, ಮೂಡಲಗಿ, ಹುಕ್ಕೇರಿ ಸಂತೆಗಳಿಗೆ ಟೆಂಪೋದಲ್ಲಿ ಮಾಲು ಸಾಗಿಸುವ ಆತ ಫೋನಿನಲ್ಲಿ ಬಲ್ಲದ್ದು ಎರಡೇ ಮಾತು: ತುಂಬೇನಿ, ತಂದೇನಿ. ಬೆಳಗಾವಿಯ ಆಸ್ಪತ್ರೆಯಲ್ಲಿ ನನ್ನ ಎದೆಯ ಕ್ಯಾನ್ಸರಿಗೆ ಕೊನೆಯ ಸಲ ಕರೆಂಟು ಕೊಟ್ಟು ಕಳಿಸಿದ ದಿನವೂ ಅಷ್ಟೇ. ರೇಡಿಯೇಶನ್ನಿಗೆ ನಮ್ಮ ಕಡೆ ಕರೆಂಟು ಎಂದೇ ಹೆಸರು. ಮಧ್ಯಾಹ್ನ ಗೋಕಾಕದ ಮನೆ ಮುಟ್ಟಿದ ಕೂಡಲೇ ತುಕ್ಕಾನಟ್ಟಿಯಲ್ಲಿರುವ ನನ್ನ ಚಿಗವ್ವನಿಗೆ, ಅಂದರೆ ಅವ್ವನ ತಂಗಿಗೆ, ಫೋನು ಹಚ್ಚಿದ.

"ಎಲ್ಲಾ ಮುಗೀತ್ರಿ. ಮನಿಗಿ ತಂದೇವಿ."

ಜೀವ ಇದ್ದವರನ್ನು ಕರಕೊಂಡು ಬರುತ್ತಾರೆ. ತರುವುದು ಮಾಲನ್ನು, ಇಲ್ಲವೆ ಹೆಣವನ್ನು. ಆತನಿಗೆ ಅದು ಹೊಳೆಯಲೇ ಇಲ್ಲ, ಫೋನಿಟ್ಟು ಟೆಂಪೋ ತೊಳೆಯಲು ಹೋದ.

ನಾನಾದರೂ ಅರ್ಧ ಹೆಣವೇ ಆಗಿದ್ದೆನೆನ್ನಿ. ತಲೆಯಲ್ಲಿ ಕೂದಲು ಇನ್ನೂ ಸರಿಯಾಗಿ ಮೊಳೆತಿರಲಿಲ್ಲ. ತುತ್ತು ಬಾಯಿಗಿಟ್ಟರೆ ಮಣ್ಣು ತಿಂದಂತಾಗುತ್ತಿತ್ತು. ಇನ್ನು ತೂಕ ಇಳಿದರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ, ಹೇಗಾದರೂ ಉಣ್ಣಲೇಬೇಕು ಎಂದು ಡಾಕ್ಟರಮ್ಮ ಗದರಿಸಿ ಕಳಿಸಿದ್ದರು. ಚಿಕಿತ್ಸೆಯ ನಡುವೆ ಮನೆಯಲ್ಲಿದ್ದಾಗಲೆಲ್ಲ ಅತ್ತೆ ಗಂಜಿ ಕಾಯಿಸಿ ಕೊಟ್ಟರೆ ಎರಡು ಚಮಚ ಕುಡಿದು ತಳ್ಳುತ್ತಿದ್ದೆ. ಮಾತಾಡಿಸಲು ಬರುವವರೋ, ಬಿಸ್ಕೀಟು ಪುಡಿಕೆ ಹಿಡಿದು ಬಂದು, ಹೆಂಗಿದ್ದಾಕಿ ಹೆಂಗಾದಳು ಎಂದು ನನ್ನೆದುರೇ ಅತ್ತೆಯ ಹತ್ತಿರ ಹಲುಬುವರು. ಅವರನ್ನೆಲ್ಲ ಓಡಿಸಬೇಕೆನಿಸುತ್ತಿತ್ತು. ಸಿಟ್ಟು ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ, ಹಸಿವೆಯೂ.

ಆ ದಿನವೇ ಇಳಿಹೊತ್ತಿಗೆ ಓಣಿಯಲ್ಲಿ ಗಾಡಿ ನಿಂತಿತು. ಚಿಗವ್ವ ಇಳಿದವಳೇ ಎದೆ ಬಡಿದುಕೊಂಡು ಹಾಡ್ಯಾಡಿ ಅಳತೊಡಗಿದಳು. ನಾನು ಕಟ್ಟೆಯ ಮೇಲೆ ಕಂಬದ ಮರೆಗೆ ಕೂತಿದ್ದೆ. ನಾನು ಬಂಗಾರದಂಥ ಮಗಳಂತೆ. ನನ್ನಂಥ ತೆಳ್ಳನೆಯ ರೊಟ್ಟಿ ಈ ಸೀಮೆಯಲ್ಲಿ ಯಾರೂ ಬಡಿದವರಿಲ್ಲವಂತೆ. ಮೊದಲೊಮ್ಮೆ ನನ್ನ ರೊಟ್ಟಿಯನ್ನು ಚಪ್ಪಲಿ ಎಂದವಳು ಇದೇ ಚಿಗವ್ವ. ಖರೆ ಹೇಳುತ್ತೇನೆ, ತಡೆಯುವ ಮನಸ್ಸಾಗಲಿಲ್ಲ. ಇನ್ನೂ ಎರಡು ನುಡಿ ಬರಲಿ ಎಂದು ಸುಮ್ಮನೆ ಕೇಳಿದೆ.

ಮೆಟ್ಟಿಲಿಗೆ ಬಂದವಳು ನನ್ನನ್ನು ಕಂಡಳು. ಅಳು ಅರ್ಧಕ್ಕೇ ನಿಂತಿತು. ಗಂಡ ಬಂದು ಏನೂ ತಿಳಿಯದೆ ಎಲ್ಲರ ಮುಖ ನೋಡಿದ. ಫೋನಿನ ಮಾತು ಬಯಲಾದಾಗ ಅತ್ತೆ ತನ್ನ ಮಗನಿಗೆ ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ.

ಚಿಗವ್ವನ ಜತೆ ಬಂದ ಅವಳ ಸೊಸೆಯ ಕೈಯಲ್ಲಿ ಬುಟ್ಟಿ ಇತ್ತು. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆಂಟರೇ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ. ಅದು ಹೊಸ್ತಿಲು ದಾಟಬಾರದು, ದನಕ್ಕೆ ಹಾಕಿ ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಎಲ್ಲರೂ ಹೂಂಗುಟ್ಟಿದರು.

ಚಿಕಿತ್ಸೆಯ ಆ ಆರೆಂಟು ತಿಂಗಳು ಯಾರು ಏನು ಹೇಳಿದರೂ ತಲೆಯಾಡಿಸಿದ್ದೆ. ಕೈ ಚಾಚು ಅಂದರೆ ಚಾಚಿದೆ, ಅಲುಗಾಡಬೇಡ ಅಂದರೆ ಅಲುಗಾಡಲಿಲ್ಲ. ಆವತ್ತು ಆಗಲಿಲ್ಲ. ಎದ್ದು ಹೋಗಿ ಬುಟ್ಟಿ ಕಸಿದುಕೊಂಡೆ.

"ಬ್ಯಾಡವ್ವಾ, ಸತ್ತವರ ಹೆಸರೀಲೆ ಕಟ್ಟಿದ ಬುತ್ತಿ ಅದು," ಎಂದಳು ಚಿಗವ್ವ.

"ನನ್ನ ಹೆಸರೀಲೆ ಕಟ್ಟಿದ್ದಲ್ಲಾ? ನಾನ ಉಣ್ತೇನಿ."

ರುಚಿ ಗೊತ್ತಾಯಿತೆಂದು ಸುಳ್ಳು ಹೇಳಲಾರೆ. ಖಾರ ಬಾಯಿ ಸುಟ್ಟಿತು. ನೀರು ಕುಡಿದು ತುತ್ತನ್ನು ಇಳಿಸಿದೆ, ಮತ್ತೆ ಮುರಿದೆ. ಕೈ ಅಡ್ಡ ತರಲು ಯಾರಿಗೂ ಧೈರ್ಯವಾಗಲಿಲ್ಲ. ಒಂದು ರೊಟ್ಟಿ ಪೂರಾ ಹೊಟ್ಟೆಗಿಳಿಯಿತು.

ಅಪಶಕುನ ಮಾಡಿಕೊಂಡೆಯಲ್ಲ, ರೋಗ ತಿರುಗಿ ಬಂದರೇನು ಗತಿ ಎಂದು ಚಿಗವ್ವ ಮೆಲ್ಲಗೆ ಕೇಳಿದಳು. ಆ ಹೆದರಿಕೆ ನನಗಿಲ್ಲ ಎಂದಲ್ಲ. ಈಗಲೂ ತಪಾಸಣೆಗೆ ಹೋಗುವಾಗ ಅದು ಬೆನ್ನಿಗೇ ಬರುತ್ತದೆ. ಆದರೂ ಎರಡನೆಯ ರೊಟ್ಟಿ ಮುರಿಯುತ್ತಾ ಹೇಳಿದೆ:

"ಬಂದ್ರ ಬರಲಿ. ಈ ಬುತ್ತಿ ಅಂತೂ ನಾ ಉಂಡ ಮುಗಸ್ತೇನಿ. ಇನ್ನೊಮ್ಮೆ ಅಳಾಕ ಬರೂದಿದ್ರ ಹೊಸಾ ರೊಟ್ಟಿ ಬಡಕೊಂಡು ಬಾ."