ಪಾದ್ರಿಗೆ ಇಬ್ಬರ ಜಾಮೀನು

ಕೊರೋನಾ ಕಾಲದಲ್ಲಿ ದೇವರು ನನಗೆ ತೋರಿದ ಸಣ್ಣಪುಟ್ಟ ದಯೆಗಳಲ್ಲಿ ಪಕ್ಕದ ಮನೆಯ ಐರಿಷ್ ಅಜ್ಜಿಯೂ ಒಂದು. ನಮ್ಮ ಯಜಮಾನರು ಐರ್ಲೆಂಡಿನ ವಾಟರ್‌ಫರ್ಡ್ ಆಸ್ಪತ್ರೆಯಲ್ಲಿ ಡಾಕ್ಟರು. ಅವರು ಡ್ಯೂಟಿ ಮುಗಿಸಿ ಬರುವವರೆಗೆ ಅಜ್ಜಿ ಬೇಲಿಯಾಚೆ, ನಾನು ಈಚೆ ನಿಂತು ಮಾತಾಡುತ್ತಿದ್ದೆವು.

ಎರಡನೆಯ ವರ್ಷದ ಮಾರ್ಚ್‌ಗೆ ಅಜ್ಜಿಯ ಗಂಡ ತೀರಿಕೊಂಡು ವರ್ಷವಾಯಿತು. ನಮ್ಮ ವರ್ಷಾಬ್ದಿಕದಂತೆ ಅವರಲ್ಲೂ ಅಂದು ಹೋದವರ ಹೆಸರು ಹೇಳಿ ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಆಗಬೇಕು. ಆದರೆ ಚರ್ಚಿನಲ್ಲಿ ಜನ ಸೇರುವಂತಿರಲಿಲ್ಲ. ಊರಾಚೆಯ ಗುಡ್ಡದ ಮೇಲಿರುವ ಹಳೆಯ ಕಲ್ಲಿನ ಹತ್ತಿರವಾದರೂ ಬನ್ನಿ ಎಂದು ಅಜ್ಜಿ ಪಾದ್ರಿಯನ್ನು ಕೇಳಿದರು. ಅವರು ಒಪ್ಪಲಿಲ್ಲ.

"ಆಗಿನ ಪಾದ್ರಿಗಳು ಜೈಲಿಗೂ ಹೆದರ್ಲಿಲ್ಲ. ಇವರು ನೋಡಿದ್ರೆ ಪೊಲೀಸ್ರಿಗೆ ಹೆದರ್ತಾರೆ," ಎಂದರು ಅಜ್ಜಿ.

ಆಗಿನದು ಎಂದರೆ ಮುನ್ನೂರು ವರ್ಷದ ಹಿಂದಿನ ಮಾತು. ಪ್ರಾಟೆಸ್ಟೆಂಟ್ ಸರ್ಕಾರ ಕ್ಯಾಥೊಲಿಕ್ ಪಾದ್ರಿಗಳ ಹೆಸರು ಬರೆಸಿಕೊಂಡು, ಒಬ್ಬೊಬ್ಬರ ನಡತೆಗೂ ಇಬ್ಬರ ಜಾಮೀನು ಕೇಳಿತ್ತಂತೆ. ಆಮೇಲೆ ತಾನು ಒಪ್ಪಿದ ರಾಜವಂಶಕ್ಕೇ ನಿಷ್ಠೆ ಎಂದು ಪ್ರಮಾಣ ಮಾಡಿ ಎಂದಿತು. ಈ ಊರಿನ ಪಾದ್ರಿ ಮಾಡಲಿಲ್ಲ. ಅಂದಿನಿಂದ ಕದ್ದುಮುಚ್ಚಿ ಪೂಜೆ ಮಾಡಲು ಗುಡ್ಡದ ಕಲ್ಲೇ ಅವರ ಚರ್ಚಾಯಿತು.

ಆ ಕಲ್ಲು ನನಗೆ ಗೊತ್ತಿತ್ತು. ಮೊದಲ ಲಾಕ್‌ಡೌನಿನಲ್ಲಿ ವಾಕಿಂಗ್ ಹೋದಾಗ, ಇದು ಇಲ್ಲಿನ ಗ್ರಾಮದೇವತೆ ಇರಬೇಕೆಂದು ಆ ಕಲ್ಲಿಗೆ ಕುಂಕುಮ ಹಚ್ಚಿ, ಯಜಮಾನರು ಆಸ್ಪತ್ರೆಯಿಂದ ಸುಖವಾಗಿ ಬರಲಿ ಎಂದು ಬೇಡಿಕೊಂಡಿದ್ದೆ. ಅದನ್ನು ಹೇಳಿಬಿಟ್ಟೆ.

"ಅದು ನೀನಾ? ಗುರುತಿಗೆ ಅಂತ ಕುರಿಗೆ ಹಚ್ಚೋ ಬಣ್ಣ ಅಂದ್ಕೊಂಡಿದ್ದೆ. ಗಂಡ ಮನೆಗೆ ಬಂದ್ನಾ?"

"ದಿನಾ ಬರ್ತಿದಾರೆ, ಅಜ್ಜಿ."

"ಹಾಗಿದ್ರೆ ಗ್ರ್ಯಾಂಡ್." ಇಲ್ಲಿನವರ ಬಾಯಲ್ಲಿ ಹಾಗೆಂದರೆ 'ಸರಿ ಬಿಡು' ಎಂದಷ್ಟೇ.

ಅಂದೇ ಪಾದ್ರಿಗೆ ಫೋನ್ ಮಾಡಿದೆ. "ಆಗಿನ ಸರ್ಕಾರ ನಮ್ಮ ಪೂಜೆ ನಿಲ್ಲಿಸೋಕೆ ನೋಡ್ತು. ಈಗಿನ ಸರ್ಕಾರ ನನ್ನ ಊರಿನ ಮುದುಕರನ್ನ ಉಳಿಸೋಕೆ ನೋಡ್ತಿದೆ, ಅದಕ್ಕೇ ಮಾತು ಕೇಳ್ತಿದೀನಿ," ಎಂದರು. "ಖಾಲಿ ಚರ್ಚಲ್ಲಿ ಪೂಜೆ ಮಾಡಿ ನೆಟ್ಟಲ್ಲಿ ತೋರಿಸ್ತೀನಿ. ಹೆಸರು ನಾನು ಹೇಳ್ತೀನಿ, ಅವರಿಗೆ ಕೇಳಿಸೋದು ನಿಮಗೆ ಬಿಟ್ಟಿದ್ದು."

ಅಜ್ಜಿಯ ಹತ್ತಿರ ನೆಟ್ ಇರುವ ಫೋನಿರಲಿಲ್ಲ. ಅವರು ಬಯಸಿದ ಕಲ್ಲಿನ ಹತ್ತಿರವೇ ನನ್ನ ಫೋನಿನಲ್ಲಿ ಕೇಳಿಸೋಣವೆಂದು ಆ ದಿನ ಇಬ್ಬರೂ ಹೋದೆವು. ಕಲ್ಲು ಐದು ಕಿಲೋಮೀಟರಿನೊಳಗೇ ಇದ್ದುದು ನಮ್ಮ ಪುಣ್ಯ, ಅದಕ್ಕಿಂತ ದೂರ ಹೋಗುವಂತಿರಲಿಲ್ಲ. ಬೂಟು ಬಿಚ್ಚಿ, ಒದ್ದೆ ಹುಲ್ಲಿನ ಮೇಲೆ ಸಾಕ್ಸಿನಲ್ಲೇ ಹೋಗಿ, ನನ್ನ ಫೋನನ್ನು ಕಲ್ಲಿಗೆ ಒರಗಿಸಿಟ್ಟೆ. ಅಜ್ಜಿ ಆರಡಿ ದೂರದಲ್ಲಿ ಕೊಡೆ ಹಿಡಿದು ನಿಂತರು. ಸಿಗ್ನಲ್ ಎರಡು ಸಲ ಹೋಗಿ ಬಂತು. ಹೆಸರು ಹೇಳುವ ಹೊತ್ತಿಗೆ ಇತ್ತು. ಪಾದ್ರಿ ನಿಧಾನವಾಗಿ, ಪೂರ್ತಿ ಹೆಸರು ಹೇಳಿದರು. ಅಜ್ಜಿ ಕೊಡೆಯನ್ನು ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡರು.

ಆಮೇಲೆ ಕೊಡೆಯನ್ನು ಎತ್ತಿಕೊಂಡರು.

"ಆ ಕಾಲದಲ್ಲಾಗಿದ್ರೆ ಈ ಪಾದ್ರಿಗೆ ನಾನು ಜಾಮೀನು ನಿಲ್ತಿದ್ದೆ," ಎಂದರು. "ಆದ್ರೆ ಇಬ್ಬರು ಬೇಕಿತ್ತು."

"ಇನ್ನೊಬ್ಬಳು ನಾನಿದೀನಲ್ಲ," ಎಂದೆ, ಬೂಟು ಹಾಕಿಕೊಳ್ಳುತ್ತಾ.