ಎರಡು ಡ್ಯಾಕ್, ಒಂದು ಜೀರುಂಡೆ

ನನ್ನದು ಹಟದ ಸ್ವಭಾವ, ಮೊದಲೇ ಹೇಳಿಬಿಡುತ್ತೇನೆ. ಚನ್ನಪಟ್ಟಣದಲ್ಲಿ ಮೂವತ್ತು ವರ್ಷ ಮೋಟಾರ್ ಲೇತ್ ಮುಂದೆ ಕೂತು ಗೊಂಬೆ ಕಡೆದವನು ನಾನು. ಉಳಿ ತಾಗಿದ ಸದ್ದಿನಲ್ಲೇ ಮರ ಹಸಿಯೋ ಒಣಗಿದೆಯೋ ಹೇಳುತ್ತಿದ್ದೆ. ಅಂಥವನ ಮನೆಯ ಹೈಫೈ ಸೆಟ್ಟಿನಲ್ಲಿ ಕಳೆದ ವರ್ಷ ಹಾಡುಗಳು ಮಂಕಾಗತೊಡಗಿದವು. ತಪ್ಪು ಕಿವಿಯದಿರಬಹುದೇ ಎಂದು ಒಂದು ದಿನ ಅನ್ನಿಸಿ ಹೆದರಿಕೆಯಾಯಿತು. ಆ ಯೋಚನೆಯನ್ನು ಅಲ್ಲೇ ಬಿಟ್ಟು ತಪ್ಪನ್ನೆಲ್ಲ ಡ್ಯಾಕ್ ಮೇಲೆ ಹೊರಿಸಿದೆ.

ಡ್ಯಾಕ್ ಎಂದರೆ ಅಂಗೈಯಗಲದ ಒಂದು ಪೆಟ್ಟಿಗೆ. ಕಂಪ್ಯೂಟರಿನಲ್ಲಿ ಬರೀ ಅಂಕಿಗಳಾಗಿ ಕೂತಿರುವ ಹಾಡನ್ನು ಅದು ಆಂಪ್ಲಿಫೈಯರಿಗೆ ಬೇಕಾದ ರೂಪಕ್ಕೆ ತಂದುಕೊಡುತ್ತದೆ. ಪೆಟ್ಟಿಗೆ ಅದುರುತ್ತಿರಬೇಕು ಎಂದು ಮೊದಲು ತೀರ್ಮಾನಿಸಿದೆ. ಲೇತ್ ಅದುರಿದರೆ ಗೊಂಬೆ ಕೆಡುತ್ತದಲ್ಲ, ಹಾಗೆ. ಗೊಂಬೆಗೆ ಬಳಸುವ ಆಲೆ ಮರದಲ್ಲಿ ನಾಲ್ಕು ಪುಟ್ಟ ಕಾಲು ಕಡೆದು, ಕೆಂಪು ಅರಗು ಹಚ್ಚಿ, ಹೊಳಪು ಕೊಟ್ಟು ಅದರಡಿ ಇಟ್ಟೆ. ನೋಡಲು ಮದುವಣಗಿತ್ತಿಯ ಹಾಗಿತ್ತು. ಸದ್ದು ಮಾತ್ರ ಇದ್ದ ಹಾಗೇ ಇತ್ತು.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಕಿವೀನ ಒಸಿ ತೋರಿಸ್ಕಬಾರ್ದಾ?" ಎಂದಳು ಹೆಂಡತಿ. ನಾನು ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ರಾಮನಗರದ ಗೆಳೆಯನೊಬ್ಬನಿಗೂ ಇದೇ ಹುಚ್ಚು. ಅವನು ತನ್ನ ಹೊಸ ಡ್ಯಾಕನ್ನು ಒಂದು ವಾರಕ್ಕೆ ಕೊಟ್ಟ. "ಎರಡನ್ನೂ ಒಂದೇ ಮಟ್ಟಕ್ಕಿಟ್ಟು ಕೇಳ್ಲಾ. ಜೋರಾಗಿರೋದೇ ಚೆಂದ ಅನ್ನಿಸ್ಬುಡ್ತದೆ. ಹಾಡು ಬ್ಯಾಡ, ನಿಂಗೆ ಹುಟ್ಟಿದಾಗ್ಲಿಂದ ಗೊತ್ತಿರೋ ಸದ್ದು ಯಾವುದಾರ ಹಾಕು" ಎಂದ.

ಅಂಥ ಸದ್ದು ನನಗೆ ಒಂದೇ. ಅಕ್ಕೂರಿನಲ್ಲಿ ನನ್ನ ಅಕ್ಕ ರೇಷ್ಮೆ ಹುಳು ಸಾಕುತ್ತಾಳೆ. ನನಗಿಂತ ಮೂರು ವರ್ಷ ದೊಡ್ಡವಳು. ಹುಳು ಕೊನೆಯ ಸಲ ಪೊರೆ ಬಿಟ್ಟು ಹಸಿದೆದ್ದ ಮೇಲೆ ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಕೇಳುತ್ತಲೇ ನಾವಿಬ್ಬರೂ ಬೆಳೆದೆವು. ರೆಕಾರ್ಡರ್ ಹಿಡಿದು ಹೋದೆ.

"ಸೆಂಟು ಗಿಂಟು ಹಾಕ್ಕಂಡು ಬಂದಿಲ್ಲ ತಾನೆ? ಹುಳಕ್ಕೆ ಆಗಲ್ಲ. ಕೈಕಾಲು ತೊಳ್ಕಂಡು ಒಳಕ್ ಬಾ" ಎಂದಳು ಅಕ್ಕ. ಸೊಪ್ಪು ಹಾಕಿದ ಮೇಲೆ ಇಬ್ಬರೂ ಉಸಿರು ಬಿಗಿಹಿಡಿದು ನಿಂತೆವು. ಹತ್ತು ನಿಮಿಷ ರೆಕಾರ್ಡ್ ಮಾಡಿಕೊಂಡೆ.

ಮನೆಗೆ ಬಂದು ಎರಡು ಡ್ಯಾಕುಗಳನ್ನೂ ಆಂಪ್ಲಿಫೈಯರಿಗೆ ಜೋಡಿಸಿ, ಗುಂಡಿಯನ್ನು ಒಂದು ಕಡೆ ತಿರುಗಿಸಿದರೆ ಅದು, ಇನ್ನೊಂದು ಕಡೆ ತಿರುಗಿಸಿದರೆ ಇದು ಎನ್ನುವ ಹಾಗೆ ಮಾಡಿದೆ. ನನ್ನದರಲ್ಲಿ ಹುಳುಗಳು ಕಂಬಳಿಯೊಳಗೆ ಕೂತು ಮೇಯುತ್ತಿದ್ದವು. ಗೆಳೆಯನದರಲ್ಲಿ ಕಂಬಳಿ ಸ್ವಲ್ಪ ತೆಳುವಾದ ಹಾಗಿತ್ತು. ಹಾಗೆ ಅನ್ನಿಸಬೇಕೆಂದು ಎಷ್ಟು ಆಸೆಪಟ್ಟಿದ್ದೆನೋ! ಹೊಸದನ್ನೇ ಕೊಳ್ಳುವುದು ಎಂದು ಹೆಂಡತಿಗೆ ಸಾರಿಬಿಟ್ಟೆ.

ಭಾನುವಾರ ಅಕ್ಕ ದೊಡ್ಡಮಳೂರಿನ ದೇವಸ್ಥಾನಕ್ಕೆ ಬಂದವಳು ಊಟಕ್ಕೆ ನಮ್ಮ ಮನೆಗೆ ಬಂದಳು. ಊಟವಾದ ಮೇಲೆ ಅವಳಿಗೆ ಕಣ್ಣು ಮುಚ್ಚಿಸಿ, ಹುಳುವಿನ ಸದ್ದು ಹಾಕಿ ಗುಂಡಿ ತಿರುಗಿಸಿದೆ. ಮೂರು ಸಲ ತಿರುಗಿಸಿದೆ.

"ಎರಡೂ ಒಂದೇ ಕಣಪ್ಪ. ನಮ್ಮನೇಲಿ ನಿಂತಂಗೇ ಐತೆ. ಆ ಹಾಳು ಜೀರುಂಡೆನೂ ಇದ್ರೊಳಕ್ಕೆ ಬಂದ್ಬುಟ್ಟೈತೆ ನೋಡು" ಎಂದು ನಕ್ಕಳು.

ನಾನೂ ನಕ್ಕೆ. ಯಾವ ಜೀರುಂಡೆ ಎಂದು ಕೇಳಲು ಬಾಯಿ ಬರಲಿಲ್ಲ. ಅಕ್ಕನ ಹತ್ತಿರ ನನ್ನ ಸುಳ್ಳು ಎಂದೂ ನಡೆದಿಲ್ಲ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. "ಈಗ ನೀನು ಕಣ್ಣು ಮುಚ್ಚು. ಜೀರುಂಡೆ ಕೂಗೋದು ನಿಂತ ಕೂಡ್ಲೆ ಕೈ ಎತ್ತು" ಎಂದಳು.

ಕಣ್ಣು ಮುಚ್ಚಿದೆ. ಹುಳು ಮೇಯುವುದು ಕೇಳುತ್ತಿತ್ತು, ಫ್ಯಾನು ಗುಂಯ್ ಎನ್ನುವುದು ಕೇಳುತ್ತಿತ್ತು. ಬಹಳ ಹೊತ್ತು ಕಾದೆ. ಇಷ್ಟು ಹೊತ್ತಿಗೆ ನಿಂತಿರಬೇಕು ಎಂದು ಅಂದಾಜು ಮಾಡಿ ಕೈ ಎತ್ತಿದೆ.

"ಇನ್ನೂ ಕೂಗ್ತಾನೇ ಐತೆ ಕಣಪ್ಪ" ಎಂದಳು ಅಕ್ಕ, ಮೆಲ್ಲಗೆ.

ಎದ್ದು ಹೋಗಿ ಗುಂಡಿಯನ್ನು ಇನ್ನೊಂದು ಕಡೆಗೆ ತಿರುಗಿಸಿದೆ. ಅಲ್ಲೂ ನನಗೆ ಜೀರುಂಡೆ ಇರಲಿಲ್ಲ. ಮೂವತ್ತು ವರ್ಷ ನಾನು ಮೋಟಾರಿನ ಅಬ್ಬರದ ಪಕ್ಕ ಕೂತೆ, ಅವಳು ಹುಳುವಿನ ಪಕ್ಕ ಕೂತಳು. ಹೊಟ್ಟೆಕಿಚ್ಚಾಯಿತು. ಆಮೇಲೆ ಅಳು ಬಂತು. ಅಕ್ಕ ಎಲೆಗೆ ಸುಣ್ಣ ಸವರುತ್ತಾ ಕೂತಳು.

ಸಂಜೆ ಗೆಳೆಯನಿಗೆ ಫೋನ್ ಮಾಡಿದೆ.

"ಏನ್ಲಾ, ಎರಡ್ರಲ್ಲಿ ಯಾವ್ದು ಮೇಲು ಅಂತ ಗೊತ್ತಾಯ್ತಾ?" ಎಂದ.

"ಎರಡೂ ಚೆನ್ನಾಗವೆ ಕಣ್ಲಾ. ನಿಂದು ನಾಳೆ ತಂದುಕೊಡ್ತೀನಿ. ನಿಮ್ಮೂರಲ್ಲಿ ಕಿವಿ ಡಾಕ್ಟ್ರು ಎಷ್ಟು ಗಂಟೆಗೆ ಸಿಗ್ತಾರೆ, ಒಸಿ ಕೇಳಿಡು" ಎಂದೆ.